ಮುಚ್ಚಳದ ಮೇಲಿನ ಕುಂಕುಮ

ಎಲ್ಲರೂ ಕುಳಿತಿರಾ? ಹಿಂದೆ ನಿಂತವರೂ ಕುಳಿತುಕೊಳ್ಳಿ. ಇಂದು ಅಷ್ಟಮಿ, ನಾಳೆ ಆಯುಧಪೂಜೆ. ಮನೆಗೆ ಹೋಗಿ ವಾಹನ ತೊಳೆಯುವ ಆತುರದಲ್ಲಿ ಅರ್ಧದಷ್ಟು ಜನ ಇದ್ದೀರಿ ಎಂಬುದು ನನಗೆ ಗೊತ್ತು. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಏಳು ದಿನ ದೇವಿಯ ಮಹಿಮೆಯನ್ನು ಕೇಳಿದಿರಿ. ಎಂಟನೆಯ ದಿನವಾದ ಇಂದು ಒಂದು ಎಣ್ಣೆಯ ಕಥೆಯನ್ನು ಕೇಳಿ. ದೀಪದ ಎಣ್ಣೆಯಲ್ಲ, ಕಾರಿನ ಸ್ಟೇರಿಂಗಿನ ಎಣ್ಣೆ. ನಗುವವರು ನಗಬಹುದು. ಕಥೆ ಮುಗಿಯುವಾಗಲೂ ನಗು ಉಳಿದಿದ್ದರೆ ಆಗ ಮಾತನಾಡೋಣ.

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬರು ನನ್ನನ್ನು ಕೇಳಿದರು: ಇಷ್ಟು ವರ್ಷದಿಂದ ಪೂಜೆ ಮಾಡುತ್ತಿದ್ದೇವೆ, ಫಲ ಏಕೆ ಕಾಣುತ್ತಿಲ್ಲ? ಆ ಪ್ರಶ್ನೆಗೆ ನೇರ ಉತ್ತರ ನನ್ನಲ್ಲಿಲ್ಲ. ಈ ದೃಷ್ಟಾಂತ ಇದೆ.

ಒಂದು ಊರು. ಆ ಊರಿನಲ್ಲೊಬ್ಬ ಶ್ರೀಮಂತ. ಅವನ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ನೀವು ಆ ಹೆಸರಿನವನನ್ನು ಹುಡುಕಲು ಹೊರಡುತ್ತೀರಿ, ನಿಮ್ಮನ್ನು ಹುಡುಕಿಕೊಳ್ಳುವುದಿಲ್ಲ. ಅವನಿಗೊಬ್ಬ ತಂಗಿ. ಬೆಟ್ಟದ ಮೇಲಿನ ಊರಿಗೆ ಅವಳನ್ನು ಕೊಟ್ಟಿದ್ದರು. ಯಾವುದೋ ಶ್ರಾದ್ಧದ ದಿನ ಬಡಿಸುವ ಪಂಕ್ತಿಯಲ್ಲಿ ತನ್ನ ಗಂಡನನ್ನು ಎರಡನೆಯ ಸಾಲಿಗೆ ಕೂರಿಸಿದರೆಂದು ಅವಳು ಮುನಿದಳು. ಮುನಿದಳೆಂದು ಅವನೂ ಮುನಿದ. ನೋಡಿ, ಒಂದು ಎಲೆ ಹಾಕಿದ ಜಾಗಕ್ಕಾಗಿ ಹನ್ನೊಂದು ವರ್ಷ ಮಾತಿಲ್ಲ. ಹನ್ನೊಂದು ವರ್ಷವೆಂದರೆ ನಾಲ್ಕು ಸಾವಿರ ದಿನಕ್ಕಿಂತ ಹೆಚ್ಚು. ಅಷ್ಟು ದಿನಗಳಲ್ಲಿ ಒಂದು ದಿನ ಫೋನ್ ಮಾಡಲು ಇಬ್ಬರಿಗೂ ಬಿಡುವು ಸಿಗಲಿಲ್ಲ.

ಒಂದು ದಿನ ಅಂಚೆಯಲ್ಲಿ ಲಗ್ನಪತ್ರಿಕೆ ಬಂತು. ತಂಗಿಯ ಮಗಳ ಮದುವೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆ. ಒಳಗೆ ಅಚ್ಚಾದ ಅಕ್ಷರಗಳ ಕೆಳಗೆ ತಂಗಿ ತನ್ನ ಕೈಯಿಂದ ಒಂದೇ ಸಾಲು ಬರೆದಿದ್ದಳು: ‘ಅಣ್ಣ, ಸೋದರಮಾವನ ಜಾಗಕ್ಕೆ ಬೇರೆ ಯಾರಿಗೂ ಹೇಳಿಲ್ಲ.’

ಈ ಸಾಲಿನ ಭಾರ ನಿಮಗೆ ಗೊತ್ತು. ನಮ್ಮ ಮದುವೆಗಳಲ್ಲಿ ಹೆಣ್ಣನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಅವನಿಲ್ಲದಿದ್ದರೆ ಯಾರೋ ದೂರದ ನೆಂಟ ಆ ಕೈ ಹಿಡಿಯುತ್ತಾನೆ. ಮದುವೆಯೇನೋ ನಡೆಯುತ್ತದೆ. ಆದರೆ ಆ ದಿನ ಖಾಲಿ ಉಳಿದ ಜಾಗವನ್ನು ಮುಂದೆ ಯಾವ ದಿನವೂ ತುಂಬಲಾಗುವುದಿಲ್ಲ. ಶ್ರೀಮಂತ ಆ ಸಾಲನ್ನು ಮೂರು ಸಲ ಓದಿದ. ಹೆಂಡತಿಯನ್ನು ಕರೆದು, “ಹೋಗೋಣ” ಎಂದ. ಆಕೆ ಏನೂ ಕೇಳದೆ ಬೀರುವಿನಿಂದ ರೇಷ್ಮೆಸೀರೆ ತೆಗೆದಳು.

ಈಗ ಆ ಮನೆಯ ಕಾರಿನ ವಿಷಯಕ್ಕೆ ಬರುತ್ತೇನೆ. ಒಂಬತ್ತು ವರ್ಷದ ದೊಡ್ಡ ಕಾರು. ಅದನ್ನು ಓಡಿಸಲು ಅಷ್ಟೇ ವರ್ಷದಿಂದ ಒಬ್ಬನೇ ಚಾಲಕ. ಪ್ರತಿ ವರ್ಷ ಆಯುಧಪೂಜೆಯ ದಿನ ಮನೆಯೊಡತಿ ತಾನೇ ನಿಂತು ಕಾರಿನ ಪೂಜೆ ಮಾಡುತ್ತಿದ್ದಳು. ಹೊರಗಿನ ಪೂಜೆ ಎಲ್ಲರೂ ಮಾಡುತ್ತಾರೆ. ಆಕೆಯ ಭಕ್ತಿ ದೊಡ್ಡದು. ಬಾನೆಟ್ ಎತ್ತಿಸಿ, ಎಂಜಿನ್ನಿಗೆ, ಬ್ಯಾಟರಿಗೆ, ಕಣ್ಣಿಗೆ ಕಂಡ ಒಂದೊಂದು ಮುಚ್ಚಳಕ್ಕೂ ಗಂಧ ಹಚ್ಚಿ, ನಡುವೆ ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಎಸಳು ಅಂಟಿಸುತ್ತಿದ್ದಳು. ಹಳೆಯದನ್ನು ಒರೆಸುವ ಪದ್ಧತಿ ಇರಲಿಲ್ಲ. ದೇವರಿಗೆ ಇಟ್ಟದ್ದನ್ನು ಒರೆಸುವುದುಂಟೇ? ವರ್ಷಕ್ಕೊಂದು ಪದರ, ಒಂಬತ್ತು ವರ್ಷಕ್ಕೆ ಒಂಬತ್ತು ಪದರ. ಈ ಲೆಕ್ಕವನ್ನು ನೆನಪಿನಲ್ಲಿಡಿ.

ಮದುವೆಗೆ ಮೂರು ವಾರ ಮೊದಲೇ ಕಾರು ಮಾತನಾಡಲು ಆರಂಭಿಸಿತ್ತು. ಗೇಟಿನಲ್ಲಿ ತಿರುಗಿಸುವಾಗ ಮುಂದಿನಿಂದ ‘ಗೂಂ’ ಎಂದು ನರಳುವ ಸದ್ದು. ಶ್ರೀಮಂತ ಕೇಳಿದ, “ಏನಯ್ಯಾ ಅದು ಸದ್ದು?” ಚಾಲಕ, “ಬೆಳಗ್ಗೆ ಚಳಿಗೆ ಹಂಗಾಗುತ್ತೆ ಯಜಮಾನ್ರೆ, ಗಾಡಿ ಬಿಸಿಯಾದ್ರೆ ಸರಿಹೋಗುತ್ತೆ” ಎಂದ. “ಹಾಗಾದ್ರೆ ರೇಡಿಯೋ ಸ್ವಲ್ಪ ಜೋರು ಮಾಡು” ಎಂದ ಶ್ರೀಮಂತ. ಕಾರು ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆ ಕಾಣಿಸಿತು. ಚಾಲಕ ಏನು ಮಾಡಿದ? ಕಲೆಯ ಮೇಲೆ ಒಂದು ಗೋಣಿಚೀಲ ಹಾಸಿದ. ಸದ್ದನ್ನು ಹಾಡು ಮುಚ್ಚಿತು, ಕಲೆಯನ್ನು ಗೋಣಿ ಮುಚ್ಚಿತು. ಮೂರು ವಾರ ಹೀಗೆ ಸುಖವಾಗಿ ಕಳೆಯಿತು.

ಮದುವೆಯ ಬೆಳಗ್ಗೆ ಏಳು ಗಂಟೆಗೆ ಹೊರಟರು. ಮುಹೂರ್ತ ಹತ್ತು ಮೂವತ್ತೈದಕ್ಕೆ. ಅರವತ್ತೆರಡು ಕಿಲೋಮೀಟರು ಬಯಲುದಾರಿ, ಆಮೇಲೆ ಘಟ್ಟ. ಘಟ್ಟದಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ಐವತ್ತು ನಿಮಿಷದ ಏರು. ಬಯಲಿನ ರಸ್ತೆ ನೇರವಾಗಿತ್ತು, ತೊಂದರೆ ಗೊತ್ತಾಗಲಿಲ್ಲ. ನೇರ ರಸ್ತೆಯಲ್ಲಿ ಯಾರ ತೊಂದರೆ ಗೊತ್ತಾಗುತ್ತದೆ ಹೇಳಿ. ಎಂಟು ಇಪ್ಪತ್ತಕ್ಕೆ ಘಟ್ಟದ ಬುಡದ ಊರು ಬಂತು. ಅಲ್ಲಿ ಬೆಟ್ಟದ ರಸ್ತೆಗೆ ಬಲಕ್ಕೆ ಹೊರಳಬೇಕು. ಚಾಲಕ ಸ್ಟೇರಿಂಗ್ ತಿರುಗಿಸಿದ. ಅದು ತಿರುಗಲಿಲ್ಲ. ಎರಡು ಕೈಯಿಂದ ಎಳೆದ. ಎದೆ ಕೊಟ್ಟು ಎಳೆದ. ಕಾರು ನರಳುತ್ತಾ ಕಾಲುಭಾಗ ತಿರುಗಿ, ರಸ್ತೆಗೆ ಅಡ್ಡವಾಗಿ ನಿಂತಿತು.

“ಯಜಮಾನ್ರೆ, ಈ ಸ್ಥಿತೀಲಿ ನಾನು ಘಟ್ಟ ಹತ್ಸಲ್ಲ” ಎಂದ ಚಾಲಕ. “ಒಂದು ತಿರುವು ತಪ್ಪಿದ್ರೆ ನಾಲ್ಕು ಚಕ್ರಾನೂ ಗಾಳೀಲಿ.”

ಬಸ್ಸಿನಲ್ಲಿ ಹೋಗಬಾರದಿತ್ತೇ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿದ್ದೀರಿ. ಬೆಟ್ಟಕ್ಕೆ ದಿನಕ್ಕೆ ಎರಡು ಬಸ್ಸು. ಒಂದು ಏಳಕ್ಕೆ ಹೋಗಿಯಾಗಿತ್ತು, ಇನ್ನೊಂದು ಹನ್ನೆರಡಕ್ಕೆ. ಬಾಡಿಗೆ ಕಾರು? ಲಗ್ನದ ದಿನ, ಇದ್ದ ಎರಡೂ ಬೇರೆ ಮದುವೆಗೆ ಹೋಗಿದ್ದವು. ಹತ್ತು ಮೂವತ್ತೈದರಿಂದ ಐವತ್ತು ನಿಮಿಷ ಕಳೆಯಿರಿ. ಒಂಬತ್ತು ನಲವತ್ತೈದಕ್ಕೆ ಚಕ್ರ ಉರುಳಲೇಬೇಕು. ಅದಕ್ಕೆ ಒಂದು ನಿಮಿಷ ತಡವಾದರೂ ಆ ಹುಡುಗಿಯ ಕೈಯನ್ನು ಬೇರೆಯವರು ಹಿಡಿಯುತ್ತಾರೆ.

ಚಾಲಕ ಬಾನೆಟ್ ಎತ್ತಿದ. ಸ್ಟೇರಿಂಗಿನ ಎಣ್ಣೆಗೆ ಒಂದು ಸಣ್ಣ ತೊಟ್ಟಿ ಇರುತ್ತದೆ, ನಮ್ಮ ಪಂಚಪಾತ್ರೆಗಿಂತ ಸ್ವಲ್ಪ ದೊಡ್ಡದು. ಅದಕ್ಕೊಂದು ತಿರುಗಿಸುವ ಮುಚ್ಚಳ. ಆ ಮುಚ್ಚಳ ಕಾಣುತ್ತಿರಲಿಲ್ಲ. ಅದರ ಮೇಲಿದ್ದದ್ದು ಕುಂಕುಮದ ಗುಡ್ಡೆ. ಗುಡ್ಡೆಯ ಸುತ್ತ ಎಣ್ಣೆ ಜಿನುಗಿ ಕೆಂಪು ಕೆಸರಾಗಿತ್ತು. ಚಾಲಕ ಬೆರಳಿನಿಂದ ಮುಟ್ಟಿ ನೋಡಿದ. ಬೆರಳು ಕೆಂಪಾಯಿತು. “ಗೊತ್ತಾಯ್ತು ಯಜಮಾನ್ರೆ. ಎಣ್ಣೆ ಕಡಿಮೆಯಾಗಿದೆ. ಕೆಂಪು ಆಯಿಲ್. ತಂದು ಸುರಿದ್ರೆ ಆಯ್ತು.”

ಪುಣ್ಯಕ್ಕೆ ಎದುರಿಗೇ ವಾಹನದ ಬಿಡಿಭಾಗದ ಅಂಗಡಿ. ಅಲ್ಲಿ ಕುಳಿತವಳು ಒಬ್ಬ ನಡುವಯಸ್ಸಿನ ಹೆಂಗಸು. ಘಟ್ಟ ಹತ್ತುವ ಲಾರಿಗಳಿಗೆಲ್ಲ ಅವಳ ಅಂಗಡಿಯೇ ಆಸರೆ. ಚಾಲಕ ಹೋಗಿ ಕೌಂಟರಿನ ಮೇಲೆ ಕೈಯಿಟ್ಟ.

“ಅಕ್ಕ, ಸ್ಟೇರಿಂಗ್ ಆಯಿಲ್ ಕೊಡಿ. ಬೇಗ.”

“ಯಾವ್ದಣ್ಣ?”

“ಕೆಂಪುದು.”

“ಬಣ್ಣ ಹೇಳಿದ್ರೆ ಸೀರೆ ಕೊಡ್ತಾರೆ” ಎಂದಳು ಅವಳು. “ಅದು ಪಕ್ಕದ ಅಂಗಡಿ. ನನ್ನ ಹತ್ರ ಮೂರು ಥರ ಇದೆ. ಒಂದು ಕೆಂಪು, ಒಂದು ಜೇನಿನ ಬಣ್ಣ, ಒಂದು ಹಸಿರು. ಒಂದರ ಗಾಡಿಗೆ ಇನ್ನೊಂದು ಹಾಕಂಗಿಲ್ಲ. ಕೆಂಪಿನಲ್ಲೂ ಎಲ್ಲಾ ಒಂದೇ ಅಲ್ಲ. ನಿನ್ನ ಗಾಡಿಗೆ ಯಾವ್ದು ಅಂತ ಮುಚ್ಚಳದ ಮೇಲೆ ಬರ್ದಿರ್ತಾರೆ. ಓದ್ಕೊಂಡು ಬಾ.”

“ಒಂಬತ್ತು ವರ್ಷದಿಂದ ಓಡಿಸ್ತಿದೀನಕ್ಕ ಆ ಗಾಡೀನ.”

“ಒಂಬತ್ತು ವರ್ಷದಲ್ಲಿ ಒಂದು ಸಲ ಓದಿದೀಯಾ?”

ಚಾಲಕ ಕೌಂಟರಿನ ಮೇಲಿದ್ದ ಕೈ ತೆಗೆದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ, “ಬರ್ದಿರ್ತಾರಾ?”

ಇಲ್ಲಿ ಒಂದು ಕ್ಷಣ ನಿಲ್ಲಿಸುತ್ತೇನೆ. ಆ ಚಾಲಕ ಸೋಮಾರಿಯಲ್ಲ, ಕುಡುಕನಲ್ಲ. ದಿನಕ್ಕೆರಡು ಬಾರಿ ಕಾರು ಒರೆಸುತ್ತಿದ್ದವನು. ಒಂಬತ್ತು ವರ್ಷ ಕೈಯಳತೆಯ ದೂರದಲ್ಲಿದ್ದ ಅಕ್ಷರ ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನನ್ನು ನೋಡಿ ನಕ್ಕವರು, ನಿಮ್ಮ ಮನೆಯ ಗ್ಯಾಸ್ ಒಲೆಯ ಕೊಳವೆಯ ಮೇಲೆ ಯಾವ ವರ್ಷದವರೆಗೆ ಬಳಸಬಹುದೆಂದು ಬರೆದಿದೆ, ಹೇಳಿ. ಸುಮ್ಮನಾದಿರಿ. ಒಳ್ಳೆಯದು. ಮುಂದೆ ಕೇಳಿ.

ಅಷ್ಟರಲ್ಲಿ ಶ್ರೀಮಂತ ತಾನೇ ಅಂಗಡಿಗೆ ಬಂದ, ಹಿಂದೆಯೇ ಹೆಂಡತಿ. ಗಡಿಯಾರದಲ್ಲಿ ಎಂಟು ನಲವತ್ತು. “ಏನಮ್ಮಾ, ಆಯಿಲ್ ಮಾರೋಕೆ ಕೂತಿದೀಯೋ, ಪರೀಕ್ಷೆ ನಡೆಸೋಕೋ? ಕೆಂಪುದು ಕೊಡು ಅಂದ್ರೆ ಕೊಟ್ಬಿಡು.”

“ಮಾರಿದ ಆಯಿಲ್ ನನ್ನ ಅಂಗಡಿಗೆ ವಾಪಸ್ ಬರಬಾರ್ದು ಯಜಮಾನ್ರೆ. ತಗೊಂಡೋರು ವಾಪಸ್ ಬರಬೇಕು. ಮೇಲೆ ಹದಿನಾಲ್ಕು ತಿರುವಿದೆ. ಗಾಡಿ ಜೊತೆ ಒಂದು ಪುಸ್ತಕ ಕೊಟ್ಟಿರ್ತಾರಲ್ಲ, ಅದಿದ್ರೂ ಆಯ್ತು. ತನ್ನಿ.”

ಶ್ರೀಮಂತ ಹೆಂಡತಿಯ ಮುಖ ನೋಡಿದ. ಆಕೆ ಮೆಲ್ಲಗೆ ಹೇಳಿದಳು, “ಆ ಪುಸ್ತಕ ದೇವರ ಕೋಣೇಲಿದೆ. ಕಾರು ತಂದ ದಿನ ಅದಕ್ಕೂ ಪೂಜೆ ಮಾಡಿ, ಹಳದಿ ವಸ್ತ್ರದಲ್ಲಿ ಸುತ್ತಿ ಇಟ್ಟಿದೀನಿ.”

“ಮನೆ ಎಷ್ಟು ದೂರ ಅಮ್ಮೋರೆ?” ಎಂದು ಅಂಗಡಿಯವಳು ಕೇಳಿದಳು.

“ಅರವತ್ತೆರಡು ಕಿಲೋಮೀಟರು.”

“ಹಾಗಾದ್ರೆ ಮುಚ್ಚಳಾನೇ ಗತಿ” ಎಂದು ಅವಳು ಕೌಂಟರು ದಾಟಿ ಹೊರಗೆ ಬಂದಳು. ಕೈಯಲ್ಲೊಂದು ವೇಸ್ಟ್ ಬಟ್ಟೆ. ಬಾನೆಟ್ಟಿನೊಳಗೆ ಇಣುಕಿ, ಕುಂಕುಮದ ಗುಡ್ಡೆಯನ್ನು ನೋಡಿದಳು. ಆಮೇಲೆ, “ಯಾವ ದೇವಸ್ಥಾನ ಇದು?” ಎಂದಳು.

ಚಾಲಕ ಮುಚ್ಚಳ ಬಿಚ್ಚಲು ಕೈ ಹಾಕಿದ. ಅವಳು ಅವನ ಮಣಿಕಟ್ಟನ್ನು ತಡೆದಳು. “ಮೊದಲು ಒರೆಸು, ಆಮೇಲೆ ಬಿಚ್ಚು. ಹೀಗೇ ತೆಗೆದ್ರೆ ಈ ಪುಡಿಯೆಲ್ಲಾ ಒಳಗೆ ಬೀಳುತ್ತೆ. ಎಣ್ಣೆ ಜೊತೆ ಪುಡಿ ಸುತ್ತಿದ್ರೆ ಒಳಗಿನ ಪಂಪು ಕೆತ್ತಿಹೋಗುತ್ತೆ.”

ಚಾಲಕ ಬಟ್ಟೆ ಹಿಡಿದ. ಆದರೆ ಕೈ ಮುಂದೆ ಹೋಗಲಿಲ್ಲ. “ಪೂಜೆ ಕುಂಕುಮ ಯಜಮಾನ್ರೆ. ಶುಭಕಾರ್ಯಕ್ಕೆ ಹೊರಟಿದೀವಿ. ದಾರೀಲಿ ಕುಂಕುಮ ಒರೆಸೋದು ಅಂದ್ರೆ… ನನ್ನ ಕೈಯಲ್ಲಿ ಆಗಲ್ಲ.” ಶ್ರೀಮಂತನೂ ಹಿಂಜರಿದ. ತಂಗಿಯ ಮಗಳ ಮದುವೆಯ ದಿನ, ಕುಂಕುಮ ಒರೆಸುವುದೆಂದರೆ ಯಾವ ಮನಸ್ಸು ಹಿಂಜರಿಯುವುದಿಲ್ಲ? ಗಡಿಯಾರ ಎಂಟು ಐವತ್ತು ತೋರಿಸುತ್ತಿತ್ತು. ಅಂಗಡಿಯೊಳಗೆ ಕೆಂಪು ಡಬ್ಬಿ ಕೈಗೆ ಸಿಗುವಂತಿತ್ತು. ಅದನ್ನು ಸುರಿದು ಹೊರಡುವುದು ಎಷ್ಟು ಸುಲಭ.

ಆಗ ಆ ಮನೆಯೊಡತಿ ಮುಂದೆ ಬಂದಳು. ರೇಷ್ಮೆಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆ ಮುಚ್ಚಳಕ್ಕೆ ಒಮ್ಮೆ ಕೈಮುಗಿದಳು. ಚಾಲಕನ ಕೈಯಿಂದ ಬಟ್ಟೆ ತೆಗೆದುಕೊಂಡು ಹೇಳಿದಳು, “ಇಟ್ಟೋಳು ನಾನು. ಒರೆಸೋಳೂ ನಾನೇ. ಪಾಪ ಅಂತ ಏನಾದ್ರೂ ಇದ್ರೆ ಅದು ನನಗಿರಲಿ.”

ಒರೆಸಿದಳು. ಕಳೆದ ವರ್ಷದ ಪದರ ಉದುರಿತು. ಅದರ ಕೆಳಗೆ ಅದರ ಹಿಂದಿನ ವರ್ಷದ ಗಂಧ. ಒಣಗಿ ಕಪ್ಪಾದ ಸೇವಂತಿಗೆ ಎಸಳು. ಮತ್ತೆ ಕುಂಕುಮ, ಮತ್ತೆ ಗಂಧ. ಒಂಬತ್ತು ವರ್ಷದ ಭಕ್ತಿಯನ್ನು ಒಂದೊಂದೇ ಪದರವಾಗಿ ತೆಗೆಯುತ್ತಾ ಹೋದಳು. ಎಲ್ಲಕ್ಕಿಂತ ಕೆಳಗೆ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ, ಉಬ್ಬಿದ ಅಕ್ಷರಗಳು ಕಾಣಿಸಿದವು. ಇಂಗ್ಲಿಷ್ ಅಕ್ಷರಗಳು. ಆಕೆ ಗಂಡನನ್ನು ಕರೆದಳು, “ನೀವೇ ಓದಿ.”

ಶ್ರೀಮಂತ ಬಗ್ಗಿದ. ಒಂಬತ್ತು ವರ್ಷದಲ್ಲಿ ತನ್ನ ಕಾರಿನ ಮುಂದೆ ಅವನು ಬಗ್ಗಿದ್ದು ಅದೇ ಮೊದಲು. ಕೊನೆಯ ಅಂಕೆಯ ಮೇಲೆ ಇನ್ನೂ ಸ್ವಲ್ಪ ಕುಂಕುಮ ಅಂಟಿತ್ತು. ಹೆಬ್ಬೆರಳಿನಿಂದ ಉಜ್ಜಿದ. ಓದಿದ. “ಈ ದ್ರವವನ್ನು ಮಾತ್ರ ಬಳಸಿ” ಎಂದು ಬರೆದು, ಮೂರು ಅಕ್ಷರ, ಎರಡು ಅಂಕೆ. ಅಷ್ಟೇ.

ಅಂಗಡಿಯವಳು ಆ ಮೂರು ಅಕ್ಷರ ಕೇಳಿ ಒಳಗೆ ಹೋಗಿ, ಮೂರನೆಯ ಡಬ್ಬಿ ತಂದಳು. ಡಬ್ಬಿಯ ಮೇಲೂ ಅದೇ ಮೂರು ಅಕ್ಷರ, ಅದೇ ಎರಡು ಅಂಕೆ. ಒಳಗಿನ ದ್ರವದ ಬಣ್ಣ ಹಸಿರು.

“ಹಸಿರಾ?” ಎಂದ ಚಾಲಕ. “ಇಲ್ಲ ಅಕ್ಕ, ನನ್ನ ಬೆರಳೇ ಕೆಂಪಾಗಿತ್ತು. ನೋಡಿ, ಇನ್ನೂ ಇದೆ.”

ಅವಳು ಮುಚ್ಚಳ ಬಿಚ್ಚಿದಳು. ಮುಚ್ಚಳಕ್ಕೆ ಅಂಟಿಕೊಂಡೇ ಒಂದು ಅಳತೆಕಡ್ಡಿ ಇರುತ್ತದೆ. ಕಡ್ಡಿಯ ತುದಿಯನ್ನು ಒಂದು ಬಿಳಿ ಕಾಗದದ ಮೇಲೆ ಒತ್ತಿದಳು. ಕಾಗದದ ಮೇಲೆ ಒಂದು ಚುಕ್ಕೆ ಮೂಡಿತು. ಮಂಕಾದ, ಆದರೆ ಸ್ಪಷ್ಟವಾದ ಹಸಿರು.

“ಹಾಗಾದ್ರೆ ಕೆಂಪು ಎಲ್ಲಿಂದ ಬಂತು?”

“ಕೆಂಪು ಅಮ್ಮೋರ ಕುಂಕುಮದ್ದು. ಎಣ್ಣೇದಲ್ಲ.”

ನೋಡಿ. ಮೂರು ಡಬ್ಬಿ. ಕಣ್ಣು ಮುಚ್ಚಿಕೊಂಡು ಒಂದನ್ನು ಎತ್ತಿಕೊಂಡಿದ್ದರೆ ಸರಿಯಾದದ್ದು ಸಿಗುವ ಸಂಭವ ಮೂರರಲ್ಲಿ ಒಂದು. ಕಣ್ಣು ತೆರೆದು, ಕುಂಕುಮ ನೋಡಿ ಆರಿಸಿದ್ದರೆ ಸಂಭವ ಸೊನ್ನೆ. ಕುರುಡನಿಗೆ ಮೂರರಲ್ಲಿ ಒಂದು, ಭಕ್ತನಿಗೆ ಸೊನ್ನೆ. ಈ ಲೆಕ್ಕವನ್ನು ಮನೆಗೆ ಹೋಗಿ ಇನ್ನೊಮ್ಮೆ ಮಾಡಿ ನೋಡಿ. ಉತ್ತರ ಬದಲಾಗುವುದಿಲ್ಲ.

“ಕೆಂಪುದೇ ಹಾಕಿದ್ರೆ ಏನಾಗ್ತಿತ್ತು?” ಎಂದು ಶ್ರೀಮಂತ ಕೇಳಿದ. ಈಗ ಅವನ ದನಿಯಲ್ಲಿ ಗದರಿಕೆ ಇರಲಿಲ್ಲ.

“ಮೊದಲು ಓಡ್ತಿತ್ತು. ಅದೇ ಅಪಾಯ. ಆಮೇಲೆ ನೊರೆ ಏಳುತ್ತೆ, ಒಳಗಿನ ರಬ್ಬರ್ ಹಾಳಾಗುತ್ತೆ, ಸ್ಟೇರಿಂಗ್ ಮತ್ತೆ ಕಲ್ಲು. ಎಷ್ಟನೇ ತಿರುವಿನಲ್ಲಿ ಅಂತ ನಾನು ಹೇಳಲಾರೆ.”

ಶ್ರೀಮಂತ ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ. “ಸರಿಯಮ್ಮ. ತುಂಬ್ಸು. ಕುತ್ತಿಗೆವರೆಗೂ ತುಂಬ್ಸು.”

“ತಾಳಿ ಯಜಮಾನ್ರೆ. ಈ ಎಣ್ಣೆ ಉರಿದು ಖರ್ಚಾಗೋದಲ್ಲ. ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರಿದೆ. ಸೋರೋದನ್ನ ನೋಡ್ದೆ ಸುರಿದ್ರೆ ತೂತು ಕೊಡಕ್ಕೆ ನೀರು ಹೊಯ್ದಂಗೆ.” ಚಾಲಕನ ಕಡೆ ತಿರುಗಿದಳು. “ಮನೇಲಿ ನೆಲದ ಮೇಲೆ ಕಲೆ ಇತ್ತಾ?”

ಚಾಲಕ ನೆಲ ನೋಡಿದ. “ಇತ್ತು. ಗೋಣಿ ಹಾಸಿದ್ದೆ.”

“ಕಾರಿಗೆ ಕುಂಕುಮ, ನೆಲಕ್ಕೆ ಗೋಣಿ. ಚೆನ್ನಾಗಿದೆ ನಿಮ್ಮ ಮನೆ” ಎಂದು ಅವಳು ಟಾರ್ಚ್ ಹಿಡಿದು ಬಗ್ಗಿದಳು. ತೊಟ್ಟಿಯಿಂದ ಹೊರಡುವ ರಬ್ಬರ್ ಕೊಳವೆ ಸೇರುವ ಜಾಗದಲ್ಲಿ ಕ್ಲಿಪ್ ಸಡಿಲವಾಗಿತ್ತು. ಸ್ಕ್ರೂಡ್ರೈವರಿನಿಂದ ನಾಲ್ಕು ಸುತ್ತು ಬಿಗಿದಳು, ಒರೆಸಿದಳು, ಬೆರಳಿಟ್ಟು ನೋಡಿದಳು. ಬೆರಳು ಒಣಗಿತ್ತು. ಮೂರು ವಾರದ ನರಳಾಟಕ್ಕೆ ಮದ್ದು ನಾಲ್ಕು ಸುತ್ತು.

ಆಮೇಲೆ ಕಾರನ್ನು ಮಟ್ಟವಾದ ನೆಲಕ್ಕೆ ತಳ್ಳಿಸಿದಳು. ಓರೆ ನಿಂತ ಗಾಡಿಯಲ್ಲಿ ಅಳತೆಯೂ ಓರೆ. ಹಸಿರು ದ್ರವವನ್ನು ಸಣ್ಣ ಧಾರೆಯಾಗಿ ಹೊಯ್ದಳು. ಅಳತೆಕಡ್ಡಿಯ ಮೇಲೆ ಎರಡು ಗೆರೆ. ತಣ್ಣಗಿರುವಾಗ ನೋಡುವುದಕ್ಕೆ ಕೆಳಗಿನದು, ಬಿಸಿಯಿರುವಾಗ ನೋಡುವುದಕ್ಕೆ ಮೇಲಿನದು. ಎಂಜಿನ್ ಇನ್ನೂ ಬಿಸಿಯಾಗಿತ್ತು. ಮೇಲಿನ ಗೆರೆ ಮುಟ್ಟುತ್ತಲೇ ಕೈ ನಿಲ್ಲಿಸಿದಳು.

“ಇನ್ನೂ ಜಾಗ ಇದೆಯಲ್ಲಮ್ಮ” ಎಂದ ಶ್ರೀಮಂತ.

“ಇದು ಊಟದೆಲೆ ಅಲ್ಲ ಯಜಮಾನ್ರೆ, ಉಪಚಾರ ಮಾಡಿ ಬಡ್ಸೋಕೆ. ಬಿಸಿ ಏರಿದ್ರೆ ಎಣ್ಣೆ ಉಬ್ಬುತ್ತೆ. ಉಬ್ಬೋಕೆ ಜಾಗ ಬಿಡ್ಬೇಕು. ಬಿಡದಿದ್ರೆ ಹೊರಗೆ ಉಕ್ಕುತ್ತೆ.”

ಊಟದೆಲೆ ಎಂಬ ಮಾತು ಅವಳು ಸುಮ್ಮನೆ ಆಡಿದ್ದು. ಆದರೆ ಎಲೆ ಹಾಕಿದ ಜಾಗಕ್ಕಾಗಿ ಹನ್ನೊಂದು ವರ್ಷ ಕಳೆದವನಿಗೆ ಅದನ್ನು ಸುಮ್ಮನೆ ಕೇಳಿಸಿಕೊಳ್ಳಲು ಆಗಲಿಲ್ಲ.

ಎಂಜಿನ್ ಚಾಲೂ ಮಾಡಿಸಿ ಚಾಲಕನಿಗೆ ಹೇಳಿದಳು, “ಎಡಕ್ಕೆ. ನಿಧಾನ. ಕೊನೆ ಮುಟ್ಟಿದ್ಮೇಲೆ ಹಿಡ್ಕೊಂಡು ನಿಲ್ಬೇಡ, ಬಿಟ್ಬಿಡು. ಈಗ ಬಲಕ್ಕೆ. ಒಂದು.” ತೊಟ್ಟಿಯಲ್ಲಿ ಗುಳ್ಳೆಗಳು ಎದ್ದವು, ಕಾರು ನರಳಿತು. “ಎರಡು.” ಇನ್ನೂ ಗುಳ್ಳೆ. “ಮೂರು. ನಾಲ್ಕು.” ಗುಳ್ಳೆ ಕಡಿಮೆಯಾಯಿತು, ನರಳಾಟ ಗೊಣಗಾಟವಾಯಿತು. “ಐದು.” ಶ್ರೀಮಂತನ ಹೆಂಡತಿಯೂ ಅವಳ ಜೊತೆ ಎಣಿಸಲು ಆರಂಭಿಸಿದ್ದಳು. “ಆರು.” ಸದ್ದು ನಿಂತಿತು. ಮೂರು ವಾರ ರೇಡಿಯೋ ಮುಚ್ಚಿಟ್ಟಿದ್ದ ಸದ್ದು ನಿಜವಾಗಿ ನಿಂತಿತು. ಗಾಳಿ ಹೋಗಿ ಮಟ್ಟ ಸ್ವಲ್ಪ ಇಳಿದಿತ್ತು. ಇನ್ನೊಂದು ಸಣ್ಣ ಧಾರೆ ಹೊಯ್ದು, ಗೆರೆಗೆ ತಂದು, ಮುಚ್ಚಳ ಬಿಗಿದಳು.

ಚಾಲಕ ಒಂದೇ ಬೆರಳಿನಿಂದ ಸ್ಟೇರಿಂಗ್ ತಿರುಗಿಸಿ ನೋಡಿದ. ಕುಂಕುಮ ಅಂಟಿದ್ದ ಅದೇ ಬೆರಳು. “ಬೆಣ್ಣೆ ಯಜಮಾನ್ರೆ” ಎಂದ. ಅವನ ಕಣ್ಣು ತುಂಬಿತ್ತು.

ಗಂಟೆ ಒಂಬತ್ತು ಇಪ್ಪತ್ತೈದು. ಕೊನೆಯ ಗಡುವಿಗೆ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಒರೆಸಲು ಹಿಂಜರಿದು ಕಳೆದ ಹೊತ್ತೆಷ್ಟು, ಒರೆಸಿ ಓದಲು ಹಿಡಿದ ಹೊತ್ತೆಷ್ಟು ಎಂದು ನೀವೇ ಅಂದಾಜು ಮಾಡಿ.

ಕಾರು ಘಟ್ಟ ಹತ್ತಿತು. ಮೊದಲ ತಿರುವು. ಮನೆಯೊಡತಿ ಎಣಿಸಿದಳು, “ಒಂದು.” ಎರಡನೆಯ ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಚಾಲಕ ಅಂಚಿಗೆ ಸರಿದು, ಮತ್ತೆ ಒಳಗೆ ಹೊರಳಿದ. ಏಳನೆಯ ತಿರುವಿನಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳವಾದ ಕಣಿವೆ. ಚಕ್ರಗಳು ಕೈ ಹೇಳಿದ ಕಡೆಗೆ ಹೊರಳಿದವು, ಹೇಳಿದಷ್ಟೇ ಹೊರಳಿದವು. ಎಂಟು. ಒಂಬತ್ತು. ಹತ್ತನೆಯ ತಿರುವಿನಿಂದ ಮೇಲೆ ಓಲಗದ ಸದ್ದು ಕೇಳಿಸತೊಡಗಿತು. ಚಾಲಕ ರೇಡಿಯೋಗೆ ಕೈ ಹಾಕಲಿಲ್ಲ. ಹನ್ನೊಂದು. ಹನ್ನೆರಡು. ಹದಿಮೂರು. ಹದಿನಾಲ್ಕನೆಯ ತಿರುವು ದಾಟಿದಾಗ ಮೂವರೂ ಒಟ್ಟಿಗೆ “ಹದಿನಾಲ್ಕು” ಎಂದರು. ಒಬ್ಬ ಯಜಮಾನ, ಒಬ್ಬ ಯಜಮಾನಿ, ಒಬ್ಬ ಚಾಲಕ, ಮೂವರದೂ ಒಂದೇ ದನಿ.

ಹತ್ತು ಹದಿನೈದಕ್ಕೆ ಕಾರು ಛತ್ರದ ಮುಂದೆ ನಿಂತಿತು. ಮೆಟ್ಟಿಲಿನ ಮೇಲೆ ತಂಗಿ ನಿಂತಿದ್ದಳು. ಒಳಗೆ ಎಲ್ಲರೂ ಕರೆಯುತ್ತಿದ್ದರೂ ಅವಳು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಅಣ್ಣ ಇಳಿದ. ಹನ್ನೊಂದು ವರ್ಷದಿಂದ ಕೂಡಿಟ್ಟ ಮಾತುಗಳಲ್ಲಿ ಒಂದೂ ಅವನ ಬಾಯಿಗೆ ಬರಲಿಲ್ಲ.

“ತಡ ಆಯ್ತೇನಮ್ಮ?” ಎಂದ.

“ಇನ್ನೂ ಇಪ್ಪತ್ತು ನಿಮಿಷ ಇದೆ ಅಣ್ಣ” ಎಂದಳು ತಂಗಿ. ಆಮೇಲೆ ಅವನ ಕೈ ನೋಡಿದಳು. “ಇದೇನು, ಹೆಬ್ಬೆರಳೆಲ್ಲಾ ಕುಂಕುಮ?”

ಅವನು ನಕ್ಕ. ಒಳಗೆ ಹೋಗಿ, ಮದುಮಗಳ ಕೈಯನ್ನು ಆ ಕೆಂಪು ಹೆಬ್ಬೆರಳಿನ ಕೈಯಿಂದ ಹಿಡಿದ. ಓಲಗ ಏರಿತು. ಅವನು ಅವಳನ್ನು ಮಂಟಪಕ್ಕೆ ನಡೆಸಿಕೊಂಡು ಬಂದ. ಒಂಬತ್ತು ವರ್ಷ ಮುಚ್ಚಳದ ಮೇಲೆ ಕುಳಿತು ಅಕ್ಷರವನ್ನು ಮುಚ್ಚಿದ್ದ ಕುಂಕುಮ, ಅಂದು ತಾನಿರಬೇಕಾದ ಜಾಗಕ್ಕೆ ಬಂದು ಸೇರಿತು.

ಕಥೆ ಇಷ್ಟೇ. ಈಗ ನಿಮ್ಮ ಸರದಿ.

ಆ ತಂಗಿಯ ಪತ್ರಿಕೆಯನ್ನು ನೆನಪಿಸಿಕೊಳ್ಳಿ. ಅದಕ್ಕೂ ಅರಿಶಿನ ಹಚ್ಚಿತ್ತು. ಎಲ್ಲಿ ಹಚ್ಚಿತ್ತು? ಮೂಲೆಗೆ. ಅಕ್ಷರದ ಮೇಲೆ ಹಚ್ಚಿದ್ದರೆ ಅಣ್ಣ ಆ ಸಾಲನ್ನು ಓದುತ್ತಿದ್ದನೇ? ಕಾಗದಕ್ಕೆ ಮೂಲೆಯಲ್ಲಿ ಹಚ್ಚಬೇಕೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು, ನಮಗೂ ಗೊತ್ತು. ಹಾಗಿದ್ದರೆ ಬೇರೆ ಕಡೆಯೆಲ್ಲ ನಡುಮಧ್ಯಕ್ಕೆ ಏಕೆ ಹಚ್ಚುತ್ತೇವೆ? ಪೂಜೆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಇಂದು ಇಲ್ಲಿ ಕುಳಿತು ಹಾಗೆ ಹೇಳಿದರೆ ನನ್ನ ನಾಲಿಗೆ ನನ್ನನ್ನು ಒಪ್ಪುವುದಿಲ್ಲ. ಓದದೆ ಪೂಜಿಸಬೇಡಿ ಎನ್ನುತ್ತಿದ್ದೇನೆ. ನಿಮ್ಮ ದೇವರ ಕೋಣೆಯಲ್ಲಿ ವಸ್ತ್ರ ಸುತ್ತಿಟ್ಟ ಗ್ರಂಥವಿದೆ. ಗಂಟು ಬಿಚ್ಚಿ ಎಷ್ಟು ವರ್ಷವಾಯಿತು? ಹಬ್ಬಕ್ಕೆ ತಂದೆಯ ಕಾಲಿಗೆ ಬೀಳುತ್ತೀರಿ. ಆ ಕಾಲು ಊದಿಕೊಂಡಿದ್ದನ್ನು ಬಿದ್ದವರಲ್ಲಿ ಎಷ್ಟು ಜನ ನೋಡಿದಿರಿ? ಮನೆಯಲ್ಲಿ ಯಾರೋ ಮೂರು ವಾರದಿಂದ ನರಳುತ್ತಿದ್ದಾರೆ. ನೀವು ಯಾವ ರೇಡಿಯೋ ಜೋರು ಮಾಡಿದ್ದೀರಿ?

ನಾಳೆ ಬೆಳಗ್ಗೆ ಮಾಡಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ. ವಾಹನ ಇರುವವರು ಅದನ್ನು ಮಟ್ಟವಾದ ನೆಲದಲ್ಲಿ ನಿಲ್ಲಿಸಿ. ಬಾನೆಟ್ ಎತ್ತಿ. ಪ್ರತಿಯೊಂದು ಮುಚ್ಚಳವನ್ನೂ ಒರೆಸಿ, ಬಿಚ್ಚುವ ಮೊದಲೇ ಒರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿ. ಓದಲು ಬಾರದಿದ್ದರೆ ಬರುವವರನ್ನು ಕರೆಯಿರಿ, ಅದರಲ್ಲಿ ನಾಚಿಕೆಯಿಲ್ಲ. ಗೆರೆಯ ಮಟ್ಟ ನೋಡಿ. ಕಡಿಮೆಯಿದ್ದರೆ ಸುರಿಯುವ ಮೊದಲು ಸೋರುವ ಜಾಗ ಹುಡುಕಿ. ಬಣ್ಣ ಹೇಳಿ ಏನನ್ನೂ ಕೊಳ್ಳಬೇಡಿ. ವಾಹನ ಇಲ್ಲದವರು ಹೊಲಿಗೆಯಂತ್ರವನ್ನೋ ತಕ್ಕಡಿಯನ್ನೋ ಔಷಧದ ಪೆಟ್ಟಿಗೆಯನ್ನೋ ಹೀಗೆಯೇ ನೋಡಿ. ಇದೆಲ್ಲ ಆದ ಮೇಲೆ ಗಂಧ ತನ್ನಿ, ಕುಂಕುಮ ತನ್ನಿ.

ಆ ಮನೆಯೊಡತಿ ಮುಂದಿನ ವರ್ಷದ ಆಯುಧಪೂಜೆಯನ್ನು ಬಿಡಲಿಲ್ಲ. ಹಳೆಯದನ್ನು ಒರೆಸಿದಳು. ಗಂಡನನ್ನು ಕರೆದು ಮುಚ್ಚಳ ಓದಿಸಿದಳು. ಚಾಲಕ ಕಡ್ಡಿ ಎತ್ತಿ ಗೆರೆ ತೋರಿಸಿದ. ಆಮೇಲೆ ಆಕೆ ಮುಚ್ಚಳದ ಅಂಚಿಗೆ, ಅಕ್ಷರಕ್ಕೆ ತಾಗದಂತೆ, ಸಾಸಿವೆಯಷ್ಟು ಕುಂಕುಮ ಇಟ್ಟಳು.

ನಾಳೆ ನಿಮ್ಮ ಕುಂಕುಮವೂ ಅಷ್ಟೇ ಇರಲಿ, ಅಲ್ಲೇ ಇರಲಿ. ಒರೆಸುವ ಬಟ್ಟೆಯನ್ನು ಇಂದೇ ತೆಗೆದಿಡಿ. ಏಳಿ.